ಮುನಿರತ್ನಮ್ಮನವರ ಹಿಂದೆ ಕೇಬಲ್ ಹಾದಿಯಲ್ಲಿ ಮೂರು ದಿನ

ದಾವಣಗೆರೆಯಲ್ಲಿ ಬೆಳಗ್ಗೆ ಆರರ ಬಸ್ಸು ಹತ್ತಿದವನು ಮಧ್ಯಾಹ್ನ ಒಂದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದೆ. ಇನ್ನೂರ ಅರವತ್ತು ಕಿಲೋಮೀಟರ್ ದಾರಿ. ಹಿರಿಯೂರಿನ ತನಕ ತಂಪು ಗಾಳಿ, ಆಮೇಲೆ ಸುಡು ಬಿಸಿಲು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ನಾನು ಊರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಷಿಯನ್. ಎರಡು ಕಟ್ಟಡಗಳ ನಡುವೆ ಹೊಸದಾಗಿ ಫೈಬರ್ ಕೇಬಲ್ ಎಳೆಸಿದ್ದರು. ಅದನ್ನು ನೋಡಿಕೊಳ್ಳುವುದು ಹೇಗೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರಿನ್ಸಿಪಾಲರು ಬೆಂಗಳೂರಿನ ಒಬ್ಬ ಗುತ್ತಿಗೆದಾರರಿಗೆ ಪತ್ರ ಬರೆದು, ಮೂರು ದಿನ ಕಲಿತು ಬಾ ಎಂದು ಕಳಿಸಿದ್ದರು.

ಗುತ್ತಿಗೆದಾರರ ಆಫೀಸು ಚಾಮರಾಜಪೇಟೆಯ ಹಳೆಯ ಮನೆಯೊಂದರ ಮುಂದಿನ ಕೋಣೆಯಲ್ಲಿತ್ತು. ‘ಮುನಿರತ್ನ ಅವರನ್ನು ಕಾಣಿ’ ಎಂದು ಅವರ ಮರುಪತ್ರದಲ್ಲಿತ್ತು. ನಾನು ಗಂಡಸನ್ನು ಹುಡುಕುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು, ಸೀರೆಯ ಮೇಲೆ ಖಾಕಿ ಕೋಟು ತೊಟ್ಟವರು, ಮೇಜಿನಿಂದ ತಲೆಯೆತ್ತಿದರು.

“ನಾನೇ ಮುನಿರತ್ನಮ್ಮ. ಬನ್ನಿ, ಕೂತ್ಕೊಳ್ಳಿ. ಊಟ ಆಯ್ತಾ?”

ಅವರ ಮನೆತನದ್ದು ತರಕಾರಿ ವ್ಯಾಪಾರ. ಅಣ್ಣ ಈಗಲೂ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾರಂತೆ. ಇವರೊಬ್ಬರು ಐ.ಟಿ.ಐ. ಓದಿ, ಇಪ್ಪತ್ತು ವರ್ಷ ತಾಮ್ರದ ಟೆಲಿಫೋನ್ ಕೇಬಲ್ ಜೋಡಿಸಿ, ಆಮೇಲೆ ಫೈಬರ್ ಕಲಿತವರು.

ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿತ್ತು. ಕೂದಲಿನಷ್ಟು ಸಪೂರದ ಗಾಜಿನ ಎಳೆಯನ್ನು ಕತ್ತರಿಸಿ, ಉದುರಿದ ಚೂರನ್ನು ಅಂಟುಪಟ್ಟಿಗೆ ಒತ್ತಿ, ಡಬ್ಬಿಗೆ ಹಾಕುತ್ತಿದ್ದರು. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಕುತೂಹಲ ತಡೆಯದೆ ನಾನು ಅಲ್ಲಿದ್ದ ಇನ್ನೊಂದು ಕೇಬಲ್ಲಿನ ತುದಿಯನ್ನು ಎತ್ತಿ ಕಣ್ಣಿನ ಹತ್ತಿರ ತಂದೆ. ಅವರು ತಟ್ಟನೆ ಅಂಗೈ ಅಡ್ಡ ಹಿಡಿದರು.

“ತುದಿ ಒಳಗೆ ನೋಡ್ಬೇಡಿ ಸಾರ್, ಯಾವತ್ತೂ. ಆ ಬೆಳಕು ಕಣ್ಣಿಗೆ ಕಾಣಲ್ಲ. ಕಣ್ಣು ಹೋದ್ಮೇಲೇ ಗೊತ್ತಾಗೋದು.”

ಮಾರನೆಯ ದಿನ ಹತ್ತು ಗಂಟೆಗೆ ಬಸವನಗುಡಿಯ ಒಂದು ಖಾಸಗಿ ಕಚೇರಿಗೆ ಹೋದೆವು. ಮೋಡ ಕವಿದಿತ್ತು; ರಸ್ತೆಯ ತುಂಬ ಹೊಂಗೆಯ ಹೂ ಉದುರಿತ್ತು. ಕಚೇರಿಯಿಂದ ಪಕ್ಕದ ಕಟ್ಟಡಕ್ಕೆ ಹೋಗುವ ಫೈಬರ್ ಹಿಂದಿನ ದಿನ ಕೆಟ್ಟು, ಅಲ್ಲಿನ ಕಂಪ್ಯೂಟರುಗಳೆಲ್ಲ ನಿಂತುಹೋಗಿದ್ದವು. ಮ್ಯಾನೇಜರು ಬಾಗಿಲಲ್ಲೇ ಕಾಯುತ್ತಿದ್ದರು.

ನೆಲಮಾಳಿಗೆಯ ಸೂರಿನಡಿ ಉದ್ದಕ್ಕೂ ಕಬ್ಬಿಣದ ಟ್ರೇ ಓಡಿತ್ತು. ಕೇಬಲ್ಲುಗಳೆಲ್ಲ ಅದರೊಳಗೆ ಮಲಗಿದ್ದವು. ಅದಕ್ಕೆ ಹಿಂದಿನ ದಿನ ಬೂದು ಬಣ್ಣ ಬಳಿದಿದ್ದರು. ವೇಲು ಎಂಬ ನಡುವಯಸ್ಸಿನ ಪೇಂಟರು ಅಲ್ಯೂಮಿನಿಯಂ ಏಣಿಯ ಮೇಲೆ ನಿಂತು ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ಕೆಳಗೆ ನೆಲ ಒದ್ದೆ.

ಮುನಿರತ್ನಮ್ಮ ಏಣಿ ಹಾಕಲಿಲ್ಲ. ಮೊದಲು ಮೀಟರು ತೆಗೆದು ಒಂದು ಕಡ್ಡಿಯನ್ನು ಗೋಡೆಯ ಅರ್ತ್ ಪಟ್ಟಿಗೆ ಇಟ್ಟರು. ಇನ್ನೊಂದರ ಮೊನೆಯಿಂದ ಟ್ರೇಯ ಬಣ್ಣ ಕೆರೆದು ಒತ್ತಿದರು. ಮುಳ್ಳು ಇನ್ನೂರು ವೋಲ್ಟಿನ ಹತ್ತಿರ ಹೋಗಿ ನಿಂತಿತು. ಅದೇ ಕ್ಷಣ ವೇಲು ದೂರದ ಮೂಲೆಗೆ ಬಾಗಲು ಆಸರೆಗೆಂದು ಎಡಗೈ ಚಾಚಿದರು.

“ವೇಲಣ್ಣಾ! ಟ್ರೇ ಮುಟ್ಬೇಡಿ! ಕೈ ಎತ್ತಿ!”

ಅವರ ಬೆರಳಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಕೈ ಅಲ್ಲೇ ನಿಂತಿತು.

“ಮೆಲ್ಲಗೆ ಇಳೀರಿ. ಏನೂ ಹಿಡ್ಕೋಬೇಡಿ.”

ಅವರು ಇಳಿದ ಮೇಲೆ ಮುನಿರತ್ನಮ್ಮ ಮೇನ್ ಸ್ವಿಚ್ಚಿನ ಕಡೆ ನಡೆದರು. ಮ್ಯಾನೇಜರು ಅಡ್ಡ ಬಂದರು. “ಏನಮ್ಮಾ, ಇರೋ ಕಂಪ್ಯೂಟರೂ ಆಫ್ ಆಗುತ್ತೆ! ಫೈಬರ್‌ನಲ್ಲಿ ಕರೆಂಟ್ ಎಲ್ಲಿರುತ್ತೆ?”

“ಫೈಬರ್‌ನಲ್ಲಿ ಇಲ್ಲ ಸಾರ್. ಅದು ಮಲಗಿರೋ ಟ್ರೇನಲ್ಲಿದೆ.”

ಸ್ವಿಚ್ಚು ಇಳಿಸಿ, ಬೀಗ ಹಾಕಿ, ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಮೀಟರು ಸೊನ್ನೆ ತೋರಿಸಿದ ಮೇಲೆಯೇ ಏಣಿ ಹತ್ತಿದ್ದು. ಹೊಸ ಎ.ಸಿ.ಗೆ ಎಳೆದ ಕರೆಂಟಿನ ವೈರು ಅದೇ ಟ್ರೇಯಲ್ಲಿತ್ತು. ಕಬ್ಬಿಣದ ಚೂಪು ಅಂಚಿಗೆ ಸಿಕ್ಕಿ ಅದರ ಹೊದಿಕೆ ಕೊಯ್ದುಹೋಗಿತ್ತು. ಎ.ಸಿ. ಹಾಕಿದ್ದು ಅವತ್ತು ಬೆಳಗ್ಗೆಯೇ. ಟ್ರೇಯ ತುಂಡು ತುಂಡನ್ನೂ ಕೂಡಿಸಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಾಮ್ರದ ಪಟ್ಟಿಗಳನ್ನು ಬಣ್ಣಕ್ಕೆಂದು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಮೂಲೆಯಲ್ಲಿ ಒಂದು ಬಕೆಟ್ಟಿನಲ್ಲಿ ಬಿದ್ದಿದ್ದವು. ಅವನ್ನೆಲ್ಲ ಕೂರಿಸಿ, ವೈರನ್ನು ಬೇರೆ ದಾರಿಗೆ ಹಾಕಿಸಿ, ಮುರಿದ ಫೈಬರ್ ಬೆಸೆದು ಮುಗಿಸುವಾಗ ಸಂಜೆ ನಾಲ್ಕಾಗಿತ್ತು. ಮ್ಯಾನೇಜರು ತಾವೇ ಕಾಫಿ ತಂದು ಕೊಟ್ಟರು. ವೇಲು ಮೆಟ್ಟಿಲ ಮೇಲೆ ಕೂತು ಎಡಗೈಯನ್ನೇ ನೋಡಿಕೊಳ್ಳುತ್ತಿದ್ದರು.

ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿನ್ನಲು ಕೂತೆವು. ದೋಸೆ ಚೆನ್ನಾಗಿತ್ತು, ನಾನು ಅರ್ಧಕ್ಕೇ ತಟ್ಟೆ ಸರಿಸಿದೆ.

“ಮೇಡಂ, ಆ ಮ್ಯಾನೇಜರು ಹೇಳಿದ ಮಾತನ್ನ ನಾನೂ ಹೇಳಿದ್ದೆ” ಎಂದೆ. ನಮ್ಮ ಕಾಲೇಜಿನ ಟ್ರೇ ಕಟ್ಟಿದ್ದು ನಾನೇ. ಗಾಜಿಗೆ ಅರ್ತ್ ಯಾಕೆ ಎಂದು ಬಿಟ್ಟುಬಿಟ್ಟಿದ್ದೆ. ಪಕ್ಕದಲ್ಲೇ ಒಂದು ಕರೆಂಟಿನ ವೈರನ್ನೂ ಮಲಗಿಸಿದ್ದೆ. ಒಂದು ತಿಂಗಳ ಹಿಂದೆ ಅಟೆಂಡರ್ ಬಸಣ್ಣ, ಆ ವೈರಿನಿಂದ ಕರೆಂಟು ಹರಿದಿದ್ದ ಟ್ರೇ ಮುಟ್ಟಿ, ಏಣಿಯಿಂದ ಬಿದ್ದು ಕೈ ಮುರಿದುಕೊಂಡರು. ವಯಸ್ಸಾಯಿತು, ತಲೆ ತಿರುಗಿತು ಎಂದರು ಎಲ್ಲರೂ. ಬಸಣ್ಣನೂ ಹಾಗೇ ನಂಬಿದರು. ನಾನು ಯಾರೂ ಇಲ್ಲದಾಗ ವೈರನ್ನು ತೆಗೆದುಹಾಕಿ ಸುಮ್ಮನಾಗಿದ್ದೆ.

ಮುನಿರತ್ನಮ್ಮ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ.

“ಅವ್ರಿಗೆ ಹೇಳಿದೀರಾ?”

“ಇಲ್ಲ.”

“ಪಾಪ, ತನ್ನ ತಲೆನೇ ಸರಿ ಇಲ್ಲ ಅನ್ಕೊಂಡು ಓಡಾಡ್ತಿರ್ತಾರಲ್ಲ” ಎಂದಷ್ಟೇ ಹೇಳಿ ಕಾಫಿಗೆ ಕೈಹಾಕಿದರು.

ಮೂರನೆಯ ದಿನ ಮಲ್ಲೇಶ್ವರ. ಒಂದು ಹೊಸ ಕಟ್ಟಡದಲ್ಲಿ ಟ್ರೇ ಕಟ್ಟಿ ನಿಲ್ಲಿಸಿದ್ದರು. ಇನ್ನೂ ಕರೆಂಟು ಬಂದಿರಲಿಲ್ಲ. “ಇವತ್ತು ನೀವು ಮಾಡಿ” ಎಂದು ಸ್ಪ್ಯಾನರನ್ನು ನನ್ನ ಕೈಗಿತ್ತರು. ಹನ್ನೊಂದು ಜೋಡಣೆ. ಒಂದೊಂದರಲ್ಲೂ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ, ತಾಮ್ರದ ಪಟ್ಟಿ ಕೂರಿಸಿ ಬಿಗಿ ಮಾಡಿದೆ. ಏಳನೆಯದರ ಹತ್ತಿರ ಅವರು ಬೆರಳು ಆಡಿಸಿ ನಿಂತರು.

“ಇದು ಗಟ್ಟಿಯಾಗಿದೆ, ಆದ್ರೆ ಕೂಡಿಲ್ಲ. ವಾಷರ್ ಕೆಳಗೆ ಬಣ್ಣ ಇದೆ. ಬಿಚ್ಚಿ.”

ಬಿಚ್ಚಿದೆ. ಹೌದು, ಉಗುರಿನಷ್ಟು ಬಣ್ಣ ಉಳಿದಿತ್ತು. ಮತ್ತೆ ಕೆರೆದೆ. ಕೊನೆಗೆ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಅರ್ತ್ ಪಟ್ಟಿಗೆ ಮೀಟರು ಹಿಡಿದು ನೋಡಿದರು. ಒಂದು ಸಲ ತಲೆಯಾಡಿಸಿ, ಮೀಟರನ್ನು ಚೀಲಕ್ಕೆ ಹಾಕಿ, ಟ್ರೇಯ ಮೇಲೆ ಅಂಗೈ ಪೂರ್ತಿ ಊರಿ ನಿಂತರು. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇವತ್ತಿಗೂ ಸಿಕ್ಕಿಲ್ಲ.

ಹೊರಗೆ ಬಂದಾಗ ರಸ್ತೆಯಾಚೆ ಒಂದು ಎಸ್.ಟಿ.ಡಿ. ಬೂತ್ ಕಂಡಿತು. “ಒಂದ್ನಿಮಿಷ ಮೇಡಂ” ಎಂದು ದಾಟಿದೆ. ಕಾಲೇಜಿನ ಆಫೀಸಿಗೆ ಫೋನು ಮಾಡಿದೆ. ಕೈಗೆ ಕಟ್ಟು ಹಾಕಿಕೊಂಡ ಬಸಣ್ಣನನ್ನು ಅಲ್ಲೇ ಫೋನಿನ ಹತ್ತಿರ ಕೂರಿಸಿದ್ದರು.

“ಬಸಣ್ಣಾರೆ, ಅವತ್ತು ನಿಮ್ಮ ತಲೆ ತಿರುಗಿದ್ದಲ್ಲ. ಟ್ರೇನಲ್ಲಿ ಕರೆಂಟ್ ಇತ್ತು. ನಾನು ಅರ್ತ್ ಕೊಟ್ಟಿರಲಿಲ್ಲ. ತಪ್ಪು ನಂದು.”

ಬೂತಿನ ಮೀಟರು ಕೆಂಪು ಅಂಕಿಗಳನ್ನು ಉರುಳಿಸುತ್ತಲೇ ಇತ್ತು.

“ಹಂಗಾರೆ ನಂಗೇನೂ ಆಗಿಲ್ಲೇನ್ರೀ?” ಬಸಣ್ಣ ಕೇಳಿದರು. “ಒಂದು ತಿಂಗ್ಳಾತು, ಮೆಟ್ಲ ಹತ್ತಾಕೂ ಹೆದರ್ತಿದ್ದೆ. ಮೊಮ್ಮಗಳನ್ನ ಎತ್ಕೊಂಡಿಲ್ಲ ನೋಡ್ರಿ, ಎಲ್ಲಿ ಬಿದ್ದುಬಿಡ್ತೀನೋ ಅಂತ.”

ಅವರು ಮತ್ತೆ ಕೇಳಿದರು: “ಈಗ ಸರಿ ಮಾಡಾದು ಕಲ್ತ್ರಾ?”

“ಕಲ್ತೆ.”

“ಬರ್ರಿ ಮತ್ತೆ. ಏಣಿ ನಾ ಹಿಡೀತೀನಿ. ಒಂದು ಕೈ ಐತಲ್ಲ.”

ಈಚೆ ಬಂದೆ. ಮುನಿರತ್ನಮ್ಮ ಸ್ಟಾಪಿನಲ್ಲಿ ಕಾಯುತ್ತಿದ್ದರು. ಅವರ ಬಸ್ಸು ಬಂತು. ಹೆಗಲ ಚೀಲ, ಕೈಯಲ್ಲೊಂದು ತಾಮ್ರದ ಪಟ್ಟಿಯ ಸುರುಳಿ ಹಿಡಿದು ಹತ್ತಿದರು. “ಏನಮ್ಮಾ ಇದು ಗುಜರಿ? ಲಗೇಜ್ ಟಿಕೆಟ್ ತಗೊಳ್ಳಿ!” ಎಂದು ಕಂಡಕ್ಟರು ರೇಗಿದ. ಅವರು ನಗುತ್ತಾ ಚಿಲ್ಲರೆ ಹುಡುಕತೊಡಗಿದರು. ಬಸ್ಸು ಸರ್ಕಲ್ಲಿನಲ್ಲಿ ತಿರುಗುವ ತನಕ ನಾನು ಅಲ್ಲೇ ನಿಂತಿದ್ದೆ.