ಮೇ ತಿಂಗಳ ಕೆಂಪು

ಇವತ್ತು ಬೆಳಿಗ್ಗೆ ನಮ್ಮ ಬೋಪಾಲ್ ಬಡಾವಣೆಯ ಪಂಕ್ಚರ್ ಅಂಗಡಿಯವನು ನನ್ನ ಸ್ಕೂಟರಿನ ಟೈರಿನಿಂದ ಒಂದು ಮುಳ್ಳು ಕಿತ್ತು ಅಂಗೈಗೆ ಹಾಕಿದ. ಬಳ್ಳಾರಿ ಜಾಲಿ. ಇಲ್ಲಿಯ ಗುಜರಾತಿಗಳ ಬಾಯಲ್ಲಿ ಗಾಂಡೋ ಬಾವಳ್, ಅಂದರೆ ಹುಚ್ಚು ಜಾಲಿ. ರಾಯಚೂರಿನಲ್ಲಿ ಹುಟ್ಟಿದ ನನಗೆ ಇದರ ಗುರುತು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಂತ ಬಹಳ ವರ್ಷ ನಂಬಿಕೊಂಡಿದ್ದೆ.

ನಿವೃತ್ತನಾಗುವವರೆಗೆ ನಾನು ಮಾಡಿದ್ದು ಉಪಗ್ರಹ ಕಳಿಸಿದ ಚಿತ್ರ ನೋಡಿ ಗೋಮಾಳಗಳ ಯೋಗಕ್ಷೇಮವನ್ನು ನಕ್ಷೆಯಲ್ಲಿ ಬರೆಯುವ ಕೆಲಸ. ಕುರ್ಚಿಯಲ್ಲಿ ಕೂತು ಹುಲ್ಲು ನೋಡುವ ನೌಕರಿ ಎಂದರೆ ನೀವು ನಗಬಹುದು. ನನ್ನ ಮಾವನವರಂತೂ ಕೊನೆಯವರೆಗೂ ನಕ್ಕರು. ಆ ಚಿತ್ರಗಳಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ. ಕೆಂಪು ಗಾಢವಾದಷ್ಟೂ ಸೊಂಪು. ಬರೆದ ಮೇಲೆ ಒಮ್ಮೆ ಜಾಗಕ್ಕೆ ಹೋಗಿ ಕಾಲಿಟ್ಟು ನೋಡಿ ಬರುವುದು ನಮ್ಮ ಪದ್ಧತಿ. ಕಚ್ಛದವರೆಗೂ ಹೋಗಿ ನೋಡಿದ್ದೇನೆ. ನಮ್ಮ ಮನೆಯ ಹಿಂದಿನ ಗೋಮಾಳವನ್ನು ಮಾತ್ರ, ದಿನಾ ಬಸ್ಸಿನಿಂದ ಕಾಣುವುದೇ ತಾನೆ ಎಂದು, ನೋಡದೆಯೇ 'ಉತ್ತಮ' ಎಂದು ಬರೆದುಬಿಟ್ಟೆ.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದವನು ನಮಗೆ ಹಾಲು ಹಾಕುತ್ತಿದ್ದ ಜೀವಾಭಾಯ್. ಜಾಲಿ ಕಡಿಸಿಕೊಡಿ ಎಂದು ಅವನು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದನಂತೆ. ಮೇವು ಚೆನ್ನಾಗಿದೆ ಎಂದು ನಕ್ಷೆಯೇ ಹೇಳುತ್ತಿದೆಯಲ್ಲ ಎಂದು ಅರ್ಜಿ ವಾಪಸ್ಸು ಬಂತು. ಹಾಲಿನ ಕ್ಯಾನು ಬಾಗಿಲಲ್ಲಿಟ್ಟು, "ಸಾಹೇಬ್, ನಿಮ್ಮ ಆ ಕೆಂಪಿನೊಳಗೆ ಒಂದು ಸಲ ನಡೆದು ನೋಡಿ. ಎಮ್ಮೆ ಮೂತಿ ತೂರಿಸಲಾರದು" ಅಂದ. ಅದು ನನ್ನ ನಕ್ಷೆ ಎಂದು ಅವನಿಗೆ ನನ್ನ ಹೆಂಡತಿಯೇ ಹೆಮ್ಮೆಯಿಂದ ಹೇಳಿದ್ದಳು.

ನನಗೆ ಆಗಲೇ ಹೊಳೆಯಿತು. ಅದು ಮೇ ತಿಂಗಳ ಚಿತ್ರ. ಮೇನಲ್ಲಿ ಹುಲ್ಲು ಒಣಗಿ ನೆಲ ಬೋಳಾಗಿರುತ್ತದೆ. ಅಷ್ಟು ಕೆಂಪಾಗಿ ಉಳಿಯುವುದು ಜಾಲಿಯೊಂದೇ. ಆದರೂ, "ಮುಂದಿನ ಸರ್ವೆಯಲ್ಲಿ ಸರಿ ಮಾಡುತ್ತೇನೆ" ಎಂದು ಕಳಿಸಿದೆ. ತಪ್ಪಾಯಿತೆಂದು ಆಫೀಸಿನಲ್ಲಿ ಹೇಳಲು ನಾಚಿಕೆ. ಬಡ್ತಿ ಬೇರೆ ಹತ್ತಿರವಿತ್ತು.

"ಹೋಗಿ ನೋಡಿ ಬರ್ರಿ ಒಮ್ಮೆ. ಮ್ಯಾಲಿಂದ ಮುಳ್ಳು ಕಾಣ್ತಾವೇನ್ರಿ?" ಅಂದಳು ಹೆಂಡತಿ. ಹೋಗಲಿಲ್ಲ.

ಮುಂದಿನ ಸರ್ವೆ ಬರುವಷ್ಟರಲ್ಲಿ ಮೂರು ಬೇಸಿಗೆ ಕಳೆದವು. ಜೀವಾಭಾಯ್ ಎಮ್ಮೆಗಳನ್ನು ಒಂದೊಂದಾಗಿ ಮಾರಿದ. ಕೊನೆಯ ದಿನ ಹಾಲು ಅಳೆಯಲಿಲ್ಲ, ಕ್ಯಾನನ್ನೇ ನಮ್ಮ ಪಾತ್ರೆಗೆ ಬಗ್ಗಿಸಿ, "ಸೂರತ್‌ಗೆ ಹೋಗ್ತೀನಿ ಬೆಹೆನ್. ಅಲ್ಲಿ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕೋ ಮಿಲ್ಲಿದೆ" ಎಂದು ನನ್ನ ಹೆಂಡತಿಗೆ ಹೇಳಿದ. ನಾನು ಒಳಗೆ ಪೇಪರ್ ಓದುತ್ತಿದ್ದೆ. ಓದುತ್ತಿರಲಿಲ್ಲ, ಹಿಡಿದುಕೊಂಡಿದ್ದೆ. ಆ ವರ್ಷವೇ ನಕ್ಷೆ ತಿದ್ದಿದೆ. ತಿದ್ದಿದ ನಕ್ಷೆಯನ್ನು ಕೇಳಲು ಯಾರೂ ಬರಲಿಲ್ಲ.

"ಟ್ಯೂಬಿಗೆ ಹೊತ್ತಾಗುತ್ತೆ ಕಾಕಾ" ಅಂದ ಇವತ್ತು ಪಂಕ್ಚರ್ ಅಂಗಡಿಯವನು. ಸ್ಕೂಟರ್ ಅಲ್ಲೇ ಬಿಟ್ಟು, ಮುಳ್ಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಮೆಟ್ಟಿಲು ಹತ್ತದೆ ಹಿಂದಿನ ಗೇಟಿನಿಂದ ಗೋಮಾಳದ ಕಡೆ ನಡೆದೆ. ಅರ್ಧ ನೆಲದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ಉಳಿದರ್ಧದಲ್ಲಿ ಜಾಲಿ. ಅಂಚಿನಲ್ಲಿ ನಿಂತು ಗಡಿಯಾರ ನೋಡಿದೆ.

ಮನೆಯಿಂದ ಹತ್ತು ನಿಮಿಷ.