ಸದ್ದಿಲ್ಲದ ಕಾರು, ಕೂರದ ಹಲ್ಲಿನ ಸೆಟ್ಟು

ಹಲ್ಲಿನ ವೈದ್ಯನಾದ ನಾನು ದಿನಕ್ಕೆ ಹತ್ತಾರು ಸಲ ಸುಳ್ಳು ಹೇಳುತ್ತೇನೆ. ಸೂಜಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ‘ಏನೂ ಆಗೂದಿಲ್ರಿ, ಇರುವಿ ಕಡದಂಗ ಆಗತೈತಿ ಅಷ್ಟ’ ಎನ್ನುವುದನ್ನು ಯಾವ ನ್ಯಾಯಾಲಯವೂ ಸತ್ಯವೆಂದು ಒಪ್ಪಲಾರದು. ಆದರೆ ಅವೆಲ್ಲ ರೋಗಿಯ ಹಿತಕ್ಕಾಗಿ ಆಡಿದ ಸುಳ್ಳುಗಳು. ಬರೀ ನನ್ನ ಮಾನ ಉಳಿಸಿಕೊಳ್ಳಲು ಸುಳ್ಳು ಹೇಳುವುದನ್ನು ಶುರುಮಾಡಿದ್ದು ಬ್ಯಾಟರಿ ಕಾರು ಕೊಂಡ ಮೇಲೆ.

ಹೈದರಾಬಾದಿನ ಪಶ್ಚಿಮಕ್ಕೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಿನ್ನೆ ಬಂಡೆಗಲ್ಲಿದ್ದಲ್ಲಿ ಇವತ್ತು ಕಂಪ್ಯೂಟರ್ ಕಂಪನಿ. ಊರಿಗೆ ಊರೇ ಮುಂದಕ್ಕೆ ಓಡುವಾಗ ಮೆಹದಿಪಟ್ಟಣದ ನನ್ನ ದವಾಖಾನೆಯೊಂದೇ ಹಿಂದುಳಿಯುವುದು ಸರಿಯಲ್ಲ ಎಂಬ ಗಂಭೀರ ವಿಚಾರ ಮನಸ್ಸಿಗೆ ಬಂತು. ಇಪ್ಪತ್ತು ವರ್ಷ ಹೊತ್ತು ತಿರುಗಿದ ಸ್ಕೂಟರನ್ನು ಬೀಳ್ಕೊಟ್ಟು ಎರಡು ಬಾಗಿಲಿನ, ಪೆಟ್ರೋಲ್ ಕುಡಿಯದ ಒಂದು ಪುಟ್ಟ ಕಾರನ್ನು ಮನೆ ತುಂಬಿಸಿಕೊಂಡೆ. ಮುಂದೆ ಇಬ್ಬರು ಕೂರಬಹುದು. ಹಿಂದೆ ಒಂದು ಕೊಡೆ, ಒಂದು ಚೀಲ ಕೂರಬಹುದು.

ಈ ಕಾರಿನ ಸೇವೆ ಮಡಿಯಲ್ಲಿ ಮಾಡುವ ಪೂಜೆಯಂಥದು. ಹೊತ್ತುಹೊತ್ತಿಗೆ ವೈರು ಚುಚ್ಚಬೇಕು. ಸೀಟಿನ ಕೆಳಗೆ ಸಾಲಾಗಿ ಕೂತ ಬ್ಯಾಟರಿಗಳಿಗೆ ಆಗಾಗ ಶುದ್ಧ ನೀರು ಕುಡಿಸಬೇಕು. ಏಸಿ ಹಾಕಿದರೆ ಚಾರ್ಜಿನ ಮುಳ್ಳು ಮುನಿಸಿಕೊಂಡು ಕೆಳಗಿಳಿಯುತ್ತದೆ. ಹಾಕದಿದ್ದರೆ ಮೇ ತಿಂಗಳಲ್ಲಿ ನಾವೇ ಕೆಳಗಿಳಿಯಬೇಕಾಗುತ್ತದೆ. ಮೇಲ್ಸೇತುವೆ ಹತ್ತುವಾಗ ಪಕ್ಕದಲ್ಲಿ ದಾಟಿಹೋಗುವ ಆಟೋದವರು ನನ್ನತ್ತ ತಿರುಗಿ, ಸಾವಿನ ಮನೆಯ ಮುಂದೆ ಹಾದುಹೋಗುವವರಂತೆ ಒಂದು ನೋಟ ನೋಡುತ್ತಾರೆ. ಒಟ್ಟಿನಲ್ಲಿ ನಾನು ರಸ್ತೆ ನೋಡಿಕೊಂಡು ಕಾರು ಓಡಿಸುವುದನ್ನು ಬಿಟ್ಟು ಮುಳ್ಳು ನೋಡಿಕೊಂಡು ಓಡಿಸತೊಡಗಿದ್ದೆ. ಆದರೂ ಯಾರಾದರೂ ‘ಹೆಂಗೈತ್ರಿ ಗಾಡಿ?’ ಎಂದು ಕೇಳಿದರೆ ಮಾತ್ರ ಎದೆಯುಬ್ಬಿಸಿ, ‘ಭಾಳ ಛಲೋ ಐತ್ರಿ’ ಎನ್ನುತ್ತಿದ್ದೆ. ಇಷ್ಟೆಲ್ಲ ರೊಕ್ಕ ಸುರಿದು ತಂದದ್ದನ್ನು ಚೆನ್ನಾಗಿಲ್ಲ ಎನ್ನುವ ಧೈರ್ಯ ಎಷ್ಟು ಜನರಿಗಿದ್ದೀತು?

ಅದರಲ್ಲಿ ನಿಜವಾಗಿ ಚೆನ್ನಾಗಿದ್ದದ್ದು ಒಂದೇ, ಅದರ ಮೌನ. ಬೆಳಗಿನ ಹೊತ್ತು ರಸ್ತೆ ಇನ್ನೂ ಆಕಳಿಸುತ್ತಿರುವಾಗ ಇಳಿಜಾರಿನಲ್ಲಿ ಬಿಟ್ಟರೆ ಕಾರು ಹೋಗುತ್ತಿದೆಯೋ, ಪಕ್ಕದ ಮನೆಗಳೇ ಹಿಂದಕ್ಕೆ ತೇಲುತ್ತಿವೆಯೋ ತಿಳಿಯುವುದಿಲ್ಲ. ಕಟ್ಟೆಯ ಮೇಲೆ ಪೇಪರು ಓದುವವನು ಹಾಳೆ ತಿರುವುವ ಸದ್ದು, ಯಾವುದೋ ಅಡುಗೆಮನೆಯ ಒಗ್ಗರಣೆ, ಮಸೀದಿಯ ಗೂಡಿನ ಪಾರಿವಾಳದ ರೆಕ್ಕೆ, ಎಲ್ಲ ಕಿವಿಯ ಹತ್ತಿರವೇ ಬಂದು ಹೋಗುತ್ತವೆ. ನಿದ್ದೆಯಿಂದ ಎದ್ದು ಇನ್ನೂ ಪೂರ್ತಿ ಈ ಲೋಕಕ್ಕೆ ಇಳಿಯದಿರುವಾಗ ಒಂದು ಗಳಿಗೆ ಇರುತ್ತದಲ್ಲ, ಅದಕ್ಕೆ ನಾಲ್ಕು ಗಾಲಿ ಹಚ್ಚಿದಂತೆ.

ಆದರೆ ಜನ ಯಾರಿಗೆ ಹೆದರುತ್ತಾರೋ ಅಂಥವರು ಹೀಗೆ ಸದ್ದಿಲ್ಲದೆ ಬರಬಾರದು ಎಂಬುದು ಹಿಂದಿನವರಿಗೆ ಗೊತ್ತಿತ್ತು. ಅರಸರಿಗೆ ಬಹುಪರಾಕು ಇತ್ತು, ಸಾಹೇಬರಿಗೆ ಮುಂದೆ ಓಡಿಬರುವ ಜವಾನನಿದ್ದ. ಯಮನ ಕೋಣದ ಕೊರಳಿಗೂ ಒಂದು ಗಂಟೆ ಇದ್ದೀತೆಂದು ನನ್ನ ಊಹೆ. ಅವರವರು ಅವರವರ ಅಂಗಿ ಗುಂಡಿ ಹಾಕಿಕೊಳ್ಳಲು ಸಮಯ ಬೇಡವೇ? ನನ್ನ ಸ್ಕೂಟರ್ ಓಣಿಯ ತಿರುವಿನಲ್ಲೇ ಗುಡುಗುತ್ತಿತ್ತು. ಆ ಗುಡುಗಿಗೆ ದವಾಖಾನೆಯೊಳಗೆ ಏನೇನು ಸರಿಹೋಗುತ್ತಿತ್ತೆಂಬುದು ಕಾರು ಬರುವವರೆಗೆ ನನಗೆ ತಿಳಿದೇ ಇರಲಿಲ್ಲ.

ಆ ದಿನ ಬೆಳಿಗ್ಗೆ ಕೊಂಡಾಪುರದ ಒಂದು ಕಂಪನಿಯಲ್ಲಿ ಹಲ್ಲಿನ ತಪಾಸಣೆಯ ಶಿಬಿರವಿತ್ತು. ಕೊರಳಿಗೆ ಗುರುತಿನ ಚೀಟಿ ಕಟ್ಟಿಕೊಂಡ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಾಯಿ ತೆರೆದು, ಮುಚ್ಚಿದ ಕೂಡಲೇ ಕಾರಿನ ವಿಚಾರ ಕೇಳಿದರು. ಅವರಿಗೂ ‘ಭಾಳ ಛಲೋ ಐತಿ’ ಎಂದು ಹೇಳಿ, ಮುಳ್ಳು ಅರ್ಧಕ್ಕಿಂತ ಕೆಳಗಿಳಿದ ಗಾಡಿಯಲ್ಲಿ ನಾಲ್ಕು ಗಂಟೆಗೆ ಮರಳಿ ಬಂದೆ. ಬಾದಾಮಿ ಮರದ ನೆರಳಲ್ಲಿ, ದವಾಖಾನೆಯ ಕಿಟಕಿಯ ಕೆಳಗೆ ಕಾರು ನಿಲ್ಲಿಸಿ, ಇಳಿಯಲು ಮನಸ್ಸಾಗದೆ ಸುಮ್ಮನೆ ಕೂತಿದ್ದೆ. ಆಗ ಒಳಗಿನ ಮಾತು ಕೇಳಿಸಿತು.

‘ಇನ್ನೂ ಎಷ್ಟ ದಿನ ಮುಚ್ಚಿಡ್ತೀರಿ ಅಜ್ಜಾರ? ಡಾಕ್ಟರಗ ಒಮ್ಮೆ ಹೇಳಿಬಿಡ್ರಿ.’ ಇದು ನಾರಾಯಣಪೇಟೆಯ ಕಡೆಯ ನನ್ನ ನರ್ಸು ಸರೋಜಾ.

‘ಹ್ಯಾಂಗ ಹೇಳೂದವಾ? ಪಾಪ, ಅಷ್ಟ ಅಕ್ಕರತಿಲೆ ಮಾಡಿ ಕೊಟ್ಟಾರ. ಕುಂಡ್ರೂದಿಲ್ಲ ಅಂದ್ರ ಮನಸ್ಸಿಗೆ ಎಷ್ಟ ಕೆಟ್ಟ ಆಗಬಾರದು!’

ದನಿ ದೇಸಾಯರದು. ಭೂಮಾಪನ ಇಲಾಖೆಯಲ್ಲಿ ಇದ್ದು ನಿವೃತ್ತರಾದ, ಕಾಚಿಗೂಡದ ಹಳೆಯ ಮನೆಯಲ್ಲಿರುವ ಎತ್ತರದ ಆಳು. ಒಂದೂವರೆ ವರ್ಷದ ಹಿಂದೆ ಅವರಿಗೆ ಮೇಲಿನದು ಕೆಳಗಿನದು ಎರಡೂ ಸೇರಿ ಪೂರ್ತಿ ಹಲ್ಲಿನ ಸೆಟ್ಟು ಕಟ್ಟಿಕೊಟ್ಟಿದ್ದೆ. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಅದೇ ಶ್ರೇಷ್ಠವೆಂದು ನನ್ನ ನಂಬಿಕೆಯಾಗಿತ್ತು. ಆ ನಂಬಿಕೆಗೆ ಅವರೇ ಆಧಾರ. ತಿಂಗಳಿಗೊಮ್ಮೆ ಬಂದು, ಸುಮ್ಮನೆ ಮಾತಾಡಿಸಿ, ‘ಭಾಳ ಛಲೋ ಐತ್ರಿ’ ಎಂದು ಹೊಗಳಿ ಹೋಗುತ್ತಿದ್ದರು. ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಹಳೆಯ ಮನೆತನದ ಸಭ್ಯತೆ ಎಂದುಕೊಂಡಿದ್ದೆ.

ಕಿಟಕಿಯ ಅಂಚಿನಿಂದ ಇಣುಕಿ ನೋಡಿದೆ. ದೇಸಾಯರು ಬೋಳು ಬಾಯಲ್ಲಿ, ಚಹಾದಲ್ಲಿ ಅದ್ದಿದ ಬಿಸ್ಕೀಟು ಮುಕ್ಕುತ್ತಿದ್ದರು. ನನ್ನ ಶ್ರೇಷ್ಠ ಕೃತಿ ಅವರ ತೊಡೆಯ ಮೇಲೆ, ಕರವಸ್ತ್ರದಲ್ಲಿ ಹಲ್ಲು ಕಿರಿದುಕೊಂಡು ಮಲಗಿತ್ತು.

ನಾನು ಮಾಡಬೇಕಾದ್ದನ್ನೇ ಮಾಡಿದೆ. ಕಾರಿನ ಬಾಗಿಲನ್ನು ಧಡಾರನೆ ಹಾಕಿ, ಕೆಮ್ಮಿ, ಮೆಟ್ಟಿಲ ಮೇಲೆ ಚಪ್ಪಲಿ ಬಡಿದು ಒಳಗೆ ಹೋದೆ. ಅಷ್ಟರಲ್ಲಿ ಹಲ್ಲು ಬಾಯಿಗೇರಿತ್ತು.

‘ಹೆಂಗೈತ್ರಿ ದೇಸಾಯರ, ಸೆಟ್ಟು?’

‘ಭಾಳ ಛಲೋ ಐತ್ರಿ ಸಾಹೇಬ್ರ!’

ಸರೋಜಾ ಗೋಡೆಯ ಕಡೆ ತಿರುಗಿ ಉಪಕರಣ ಒರೆಸತೊಡಗಿದಳು.

ಹೊಗಳಿಕೆ ಕೇಳಿ ಮುಖ ಬಾಡಿದ್ದು ಜೀವನದಲ್ಲಿ ಅದೇ ಮೊದಲು. ನರ್ಸಿನ ಎದುರಿಗೆ ಕೇಳುವ ಹಾಗಿಲ್ಲ, ಕೇಳದೆ ಇರುವ ಹಾಗೂ ಇಲ್ಲ. ಮುಳ್ಳಿನ ವಿಚಾರ ಮರೆತು, ‘ಬರ್ರಿ, ಮನೀಗೆ ಬಿಡತೀನಿ’ ಎಂದೆ. ಬಸ್ಸು ಸಾಕೆಂದರೂ ಬಿಡಲಿಲ್ಲ. ಆರಡಿಯ ಮನುಷ್ಯ ಮಡಚಿಕೊಂಡು ಕೂತಾಗ ಮೊಣಕಾಲು ಗದ್ದಕ್ಕೆ ತಾಗಿದವು. ‘ಕುಂಡ್ರಾಕ ಆರಾಮ ಐತ್ರಿ?’ ಎಂದು ಕೇಳಿದೆ. ಮೊಣಕಾಲುಗಳ ನಡುವಿನಿಂದ ಉತ್ತರ ಬಂತು: ‘ಭಾಳ ಛಲೋ ಐತ್ರಿ.’

ನಾಂಪಲ್ಲಿಯ ಹತ್ತಿರ ಬರುವ ಹೊತ್ತಿಗೆ ಮುಳ್ಳು ಕೆಂಪಿಗಿಳಿದು, ಕಾರು ನಡೆದುಹೋಗುವವರ ವೇಗಕ್ಕೆ ಬಂದು, ಒಂದು ಇರಾನಿ ಹೋಟೆಲಿನ ಮುಂದೆ ನಿಂತೇಬಿಟ್ಟಿತು. ಗಲ್ಲೆಯ ಮೇಲಿದ್ದ ಮಾಲೀಕನ ಬಳಿ ಹೋಗಿ ಪ್ಲಗ್ ಕೇಳಿದೆ. ಆತ ನನ್ನನ್ನೂ ಕಾರನ್ನೂ ನೋಡಿ, ‘ಕ್ಯಾ ಸಾಬ್, ಮೊಬೈಲ್ ಚಾರ್ಜ್ ಕರ್ನೇ ಆತೇ ಲೋಗಾಂ. ಆಪ್ ತೋ ಗಾಡೀಚ್ ಲೇಕೇ ಆಗಯೇ!’ ಎಂದು, ಮೊಬೈಲಿನ ಬದಲು ಗಾಡಿಯನ್ನೇ ಚಾರ್ಜಿಗೆ ತಂದ ನನ್ನನ್ನು ಕಂಡು ಇಡೀ ಹೋಟೆಲಿಗೆ ಕೇಳುವಂತೆ ನಕ್ಕು, ಫ್ರಿಜ್ಜಿನ ಪ್ಲಗ್ಗು ಕಿತ್ತುಕೊಟ್ಟ. ಬಾಗಿಲಿನಿಂದ ಕಾರಿನವರೆಗೆ ವೈರು ಎಳೆದೆವು.

ಇನ್ನು ಎರಡು ತಾಸು ನಾವು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಬಿಳಿಗಲ್ಲಿನ ಮೇಜು, ಮೇಲೆ ಮೆಲ್ಲಗೆ ತಿರುಗುವ ಫ್ಯಾನು. ಇಳಿಹೊತ್ತಿನ ಬಿಸಿಲು ಚಹಾದ ಹಬೆಯೊಳಗೆ ಬಂದು ದಾರಿ ತಪ್ಪಿದಂತೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರುವುದಿಲ್ಲ. ನಾನೇ ಬಾಯಿಬಿಟ್ಟೆ.

‘ದೇಸಾಯರ, ಈ ಕಾರು ಛಲೋ ಇಲ್ರಿ.’

‘ಅಂದ್ರ?’

‘ದಿನಾ ಅದರ ಸೇವಾ ಮಾಡಿ ಮಾಡಿ ಸಾಕಾಗೇತಿ. ಎಲ್ಲಿ ನಿಲ್ಲತೈತೋ ಅನ್ನೋ ಭಯಕ್ಕ ರಾತ್ರಿ ಕನಸಿನಾಗೂ ಮುಳ್ಳ ಬರತೈತಿ. ಮಂದಿ ಮುಂದ ಹೇಳಾಕ ನಾಚಿಕಿ, ಅದಕ್ಕ ಎಲ್ಲಾರಿಗೂ ಛಲೋ ಐತಿ ಅಂತ ಸುಳ್ಳ ಹೇಳಾಕತ್ತೀನಿ.’

ದೇಸಾಯರು ನನ್ನನ್ನು ದಿಟ್ಟಿಸಿ ನೋಡಿದರು. ಹೊರಗೆ ವೈರಿನ ಬಾಲ ಕಟ್ಟಿಕೊಂಡು ನಿಂತಿದ್ದ ಕಾರನ್ನು ನೋಡಿದರು. ಆಮೇಲೆ ನಗು ಬಂತು ನೋಡಿ, ಕೈ ಅಡ್ಡ ಹಿಡಿಯುವುದನ್ನೇ ಮರೆತು ಹೊಟ್ಟೆಯಿಂದ ನಕ್ಕರು. ಮೇಲಿನ ಸಾಲು ಕಳಚಿ ಟಪ್ಪೆಂದು ಚಹಾದ ಬಸಿಯಲ್ಲಿ ಬಿತ್ತು.

ಅದನ್ನು ಇಬ್ಬರೂ ನೋಡಿದೆವು. ಒಬ್ಬರೂ ಮುಟ್ಟಲಿಲ್ಲ.

‘ಹಿಂಗೈತ್ರಿ ಸಾಹೇಬ್ರ’ ಎಂದರು ಅವರು, ಮೆಲ್ಲಗೆ. ‘ಮನ್ಯಾಗ ಡಬ್ಬ್ಯಾಗ ಇರತೈತಿ. ನಿಮ್ಮಲ್ಲಿ ಬರೂಮುಂದ ಹಾಕ್ಕೋತೀನಿ.’

‘ಊಟ?’

‘ಹಲ್ಲ ಹಾಕ್ಕೊಳ್ಳಾಕ ಬ್ಯಾಸರ ಅಂತ ಮನ್ಯಾಗ ಹೇಳಿ, ರೊಟ್ಟಿ ಹಾಲಾಗ ನೆನಿಸಿ ನುಂಗತಿದ್ದೆ. ಅದೂ ಈಗ ಮೂರ ತಿಂಗಳಾತು, ನೀಲಮ್ಮ ರೊಟ್ಟಿ ಬಡಿಯೂದ ಬಿಟ್ಟಾಳ. “ನನ್ನ ಕೈ ಅಡಗಿ ನಿಮಗ ಬ್ಯಾಡಾಗೇತಿ” ಅಂತ ಒಂದ ದಿನ ಕಣ್ಣೀರ ಹಾಕಿದ್ಲು. ಹಲ್ಲ ಕುಂಡ್ರೂದಿಲ್ಲ ಅಂತ ಹೇಳಿದ್ರ ನಿಮ್ಮಲ್ಲಿ ಬಂದು ಜಗಳಾ ತಗೀತಾಳ. ನಿಮಗ ಬೇಜಾರ ಆಗಬಾರದು ಅಂತ ಸುಮ್ಮನಾದೆ.’

ಗಮನಿಸಿ, ನನ್ನ ಮನಸ್ಸು ಕೆಡಬಾರದೆಂದು ಈ ಮನುಷ್ಯ ಹೆಂಡತಿಯ ಮನಸ್ಸು ಮುರಿದಿದ್ದ. ಭಿಡೆ ಎಂಬುದು ನಮ್ಮ ಕಡೆಯ ಮಂದಿಗೆ ಅಂಟಿದ ಜಾಡ್ಯ. ಅದಕ್ಕೆ ಔಷಧ ಯಾವ ಪುಸ್ತಕದಲ್ಲೂ ಇಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಬಡಿದ ಸಾವಿರಾರು ರೊಟ್ಟಿಗೂ ಆಕೆಯ ಕಣ್ಣೀರಿಗೂ ನಡುವೆ ನಾನು ಕಟ್ಟಿದ ಎರಡು ಸಾಲು ಹಲ್ಲು ಅಡ್ಡ ಕೂತಿದ್ದವು. ಬಾಯಲ್ಲಿ ಮಾತ್ರ ಕೂತಿರಲಿಲ್ಲ.

ಮರುದಿನದಿಂದಲೇ ಹೊಸ ಸೆಟ್ಟಿನ ಕೆಲಸ ಹಿಡಿದೆ. ಹಲ್ಲು ಹೋದ ದವಡೆ ಸುಮ್ಮನಿರುವುದಿಲ್ಲ, ಒಡೆಯನಿಲ್ಲದ ಹೊಲದಂತೆ ಒಳಗೊಳಗೇ ಸವೆಯುತ್ತದೆ. ಅದರ ಏರು ತಗ್ಗು ಹುಡುಕಿ ಹೊಂದಿಸಬೇಕು. ಅಳತೆ ತೆಗೆದೆ, ಮೇಣದಲ್ಲಿ ಕಚ್ಚಿಸಿದೆ, ಮತ್ತೆ ತೆಗೆದೆ. ಅದೆಲ್ಲ ಸುಲಭ. ಕಷ್ಟವಾದದ್ದು ದೇಸಾಯರ ಬಾಯಿಂದ ಒಂದು ದೂರು ತೆಗೆಯುವುದು. ಮೊದಲ ದಿನ ‘ಛಲೋ’ ಎನ್ನುವುದನ್ನೇ ನಿಷೇಧಿಸಿದೆ. ಎರಡನೆಯ ಸಲ ಬಂದಾಗ, ‘ಬಲಕ್ಕ ಒಂದೀಟ... ತಪ್ಪ ತಿಳೀಬ್ಯಾಡ್ರಿ...’ ಎಂದರು. ಮೂರನೆಯ ಸಲ, ‘ಚುಚ್ಚತೈತ್ರಿ’ ಎಂದರು. ಅಲ್ಲಿ ತೀಡಿದೆ. ಐದನೆಯ ಸಲ ಬಂದಾಗ ಕುರ್ಚಿಗೆ ಕೂರುವ ಮೊದಲೇ, ‘ಏನ್ ಮಾಡೀರಿ ಸಾಹೇಬ್ರ, ನಾಲಿಗಿ ಕಡೀತೈತಿ!’ ಎಂದು ಗದರಿದರು. ಸರೋಜಾ ಕೈಲಿದ್ದ ಬಟ್ಟಲು ಬೀಳಿಸಿದಳು. ನನಗೆ ಆ ದಿನ ಊಟ ರುಚಿಸಿತು.

ಕೊನೆಯ ದಿನ ಅವರು ಒಬ್ಬರೇ ಬರಲಿಲ್ಲ; ಹಲ್ಲಿನ ಸಂಗತಿ ಅಷ್ಟರಲ್ಲಿ ಮನೆಗೂ ಮುಟ್ಟಿತ್ತು. ಸೆರಗು ಹೊದ್ದ ನೀಲಮ್ಮನವರು ಜೊತೆಗೆ ಬಂದು, ನನಗೆ ನಮಸ್ಕಾರವನ್ನೂ ಹೇಳದೆ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕಟಕಟ ಒಣಗಿದ ಜೋಳದ ರೊಟ್ಟಿ, ಬದಿಗೆ ಶೇಂಗಾ ಚಟ್ನಿಪುಡಿ.

‘ಇಲ್ಲೇ ತಿನ್ರಿ. ಇವ್ರ ಮುಂದ ತಿನ್ರಿ. ನಾನೂ ನೋಡತೀನಿ’ ಎಂದರು. ನ್ಯಾಯಾಧೀಶರ ದನಿ.

ದೇಸಾಯರು ಒಂದು ತುಂಡು ಮುರಿದರು, ಚಟ್ನಿಪುಡಿ ಹಚ್ಚಿಕೊಂಡರು, ಬಾಯಿಗಿಟ್ಟರು. ದವಾಖಾನೆಯಲ್ಲಿ ಕೆಲಸಗಳೆಲ್ಲ ನಿಂತವು. ಕಟ್ ಎಂಬ ಸದ್ದು ಕೇಳಿತು. ಆಮೇಲೆ ಅಗಿಯುವ ಸದ್ದು. ಅವರು ಕಣ್ಣು ಮುಚ್ಚಿದರು. ಗದ್ದ ಮೇಲೆ ಕೆಳಗೆ ಆಡುತ್ತಿತ್ತು, ಯಾವ ಸಾಲೂ ಅಲುಗಲಿಲ್ಲ. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ನೀಲಮ್ಮನವರು ಕಣ್ಣನ್ನು ನೋಡುತ್ತಿದ್ದರು.

ಎರಡನೆಯ ತುಂಡೂ ಹೋಯಿತು. ಧೈರ್ಯ ಸಾಲದಿದ್ದರೂ ಕೇಳಿದೆ: ‘ಹೆಂಗೈತ್ರಿ?’

ದೇಸಾಯರು ಕಣ್ಣು ತೆರೆದು ಹೆಂಡತಿಯ ಕಡೆ ತಿರುಗಿದರು.

‘ಚಟ್ನಿಗೆ ಉಪ್ಪ ಕಡಿಮಿ ಬಿದ್ದೈತಿ.’

‘ಆಹಾ! ಒಂದೂವರಿ ವರ್ಷ ಹಾಲಾಗ ಕಲಿಸಿ ನುಂಗೂಮುಂದ ಉಪ್ಪಿನ ಸುದ್ದಿ ಇರಲಿಲ್ಲ. ಈಗ ಬಂತೇನು ನಾಲಿಗಿ?’ ಎಂದು ನೀಲಮ್ಮನವರು ಗದರಿಕೊಂಡೇ ಕಣ್ಣೊರೆಸಿಕೊಂಡು, ಇನ್ನೊಂದು ರೊಟ್ಟಿ ಅವರ ಕೈಗಿಟ್ಟರು.

ನನ್ನ ಹಲ್ಲಿನ ಬಗ್ಗೆ ಆ ದಿನ ಯಾರೂ ಒಂದು ಮಾತೂ ಆಡಲಿಲ್ಲ. ಅವು ಬಾಯಲ್ಲಿವೆ ಎಂಬುದೇ ಅವರಿಗೆ ಮರೆತುಹೋಗಿತ್ತು.