ಮೊದಲಿನ ಟಿಮೊತಿ, ಎರಡನೆಯ ಕೊನ್ಸೆಪ್ಟಾ

ಬೆಳಗಿನ ಐದು ಗಂಟೆ. ದೋಹಾದ ಮದೀನತ್ ಖಲೀಫಾದ ವಿಲ್ಲಾವೊಂದರ ಅಡುಗೆಮನೆಯಲ್ಲಿ ಕೊನ್ಸೆಪ್ಟಾ ಬಾಯಿ ಹಾಲಿನ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಿದ್ದಾರೆ. ನಿನ್ನೆ ಸಂಜೆ ತಂದ ಹಾಲು. ಆದರೂ ಮೂಸಲೇಬೇಕು. ಮೀನಿನ ಕಿವಿರು ಬಿಡಿಸಿ ನೋಡದೆ ಕತ್ತಿ ಎತ್ತುವವರಲ್ಲ, ಗ್ಯಾಸ್ ಆರಿಸಿದ ಮೇಲೂ ಇನ್ನೊಮ್ಮೆ ಮುಟ್ಟಿ ನೋಡದೆ ಹೊರಬೀಳುವವರಲ್ಲ. ಪತ್ರಿಕೆಗೆ ಬರೆಯಲು ಹೋದವರನ್ನೂ ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ. "ಫೋಟೊ ಬೇಡ. ಇದನ್ನು ಬರೆದ್ರೆ ನಿಮಗೆ ಎಂತ ಲಾಭ? ಅದು ಮೊದಲು ಹೇಳಿ."

ಉಡುಪಿ ಬಳಿಯ ಮೂಡುಬೆಳ್ಳೆಯವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಬಳಿ ಬಿಟ್ಟು ಕತಾರಿಗೆ ಬಂದರು. ಆಸ್ಪತ್ರೆಯ ಕೆಲಸವೆಂದು ಕರೆತಂದ ಏಜೆಂಟ್ ಮನೆಗೆಲಸಕ್ಕೆ ತಳ್ಳಿದ. ಅಂದಿನಿಂದ ಯಾರ ಮಾತನ್ನೂ ಸೀದಾ ನುಂಗುವುದಿಲ್ಲ. ಈಗ, 2007ರಲ್ಲಿ, ಐವರಿರುವ ಈ ಮನೆಯ ಮೂರು ಹೊತ್ತಿನ ಅಡುಗೆ, ಮಕ್ಕಳ ಬುತ್ತಿ, ಇಸ್ತ್ರಿ ಎಲ್ಲವೂ ಅವರದೇ. ತಮ್ಮ ಹೆಣ್ಣುಮಕ್ಕಳ ಮದುವೆಯನ್ನೂ ಈ ದುಡಿಮೆಯಲ್ಲೇ ಮುಗಿಸಿದ್ದಾರೆ.

ಮನೆಯೊಡತಿ ನೋರಾ ಐರ್ಲೆಂಡಿನವರು, ಗಂಡ ರಾಸ್ ಲಫಾನ್‌ನ ಅನಿಲ ಸ್ಥಾವರದಲ್ಲಿ ಎಂಜಿನಿಯರ್. ನೋರಾಗೆ ತಮ್ಮ ವಂಶದ ಮೂಲ ಹುಡುಕುವ ಹುಚ್ಚು. ಹುಡುಕಾಟ ಮುತ್ತಜ್ಜ ಟಿಮೊತಿಯ ಹತ್ತಿರ ಬಂದು ಕೆಟ್ಟು ನಿಂತಿತ್ತು. ಐರ್ಲೆಂಡಿನ ಅವರ ಊರಿನ ಚರ್ಚಿನ ದಾಖಲೆಯ ಪ್ರಕಾರ, ಅದೇ ತಂದೆತಾಯಿಯ ಟಿಮೊತಿ ಎರಡು ವರ್ಷಕ್ಕೇ ತೀರಿಕೊಂಡಿದ್ದ. ಹಾಗಾದರೆ ತಾವು ಯಾರ ಮರಿಮಕ್ಕಳು? ಮುತ್ತಜ್ಜ ಸತ್ತವನ ಹೆಸರು ಕದ್ದ ಯಾವನೋ ಕಳ್ಳನಿರಬೇಕೆಂದು ನೋರಾ ಗುಮಾನಿಪಟ್ಟರು.

ಚಹಾ ಇಡಲು ಹೋದ ಕೊನ್ಸೆಪ್ಟಾಗೆ ಆ ಗುಮಾನಿಯ ಮೇಲೇ ಗುಮಾನಿ. "ಸತ್ತದ್ದು ಮೊದಲಿನ ಟಿಮೊತಿ ಇರ್ಬಹುದಲ್ಲ ಮೇಡಂ? ಮತ್ತೆ ಹುಟ್ಟಿದವನಿಗೂ ಅದೇ ಹೆಸರು ಇಟ್ಟಿದ್ರೆ?"

ನೋರಾ ಒಪ್ಪಲಿಲ್ಲ. ಸತ್ತ ಮಗುವಿನ ಹೆಸರಿನಿಂದ ಬದುಕಿರುವ ಮಗುವನ್ನು ಯಾವ ತಾಯಿ ಕರೆದಾಳು?

"ನನ್ನ ಅಮ್ಮ," ಎಂದರು ಕೊನ್ಸೆಪ್ಟಾ.

ಅವರಿಗಿಂತ ಮೊದಲು ಹುಟ್ಟಿ ತೀರಿಹೋದ ಅಕ್ಕನ ಹೆಸರೂ ಕೊನ್ಸೆಪ್ಟಾ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. "ಅಮ್ಮ ಕರೆದ್ರೆ ಓಡಿ ಹೋಗ್ತಿದ್ದೆ. ಕರೆದದ್ದು ನನ್ನನ್ನಾ, ಅವಳನ್ನಾ? ಸಣ್ಣವಳಿರುವಾಗಿಂದ ಆ ಸಂಶಯ ಉಂಟು."

ಕೊನೆಗೆ ನೋರಾ ತಮ್ಮ ಊರಿನ ಪಾದ್ರಿಗೆ ಬರೆದರು. ಉತ್ತರ ಬಂತು. ಮೊದಲಿನವನು ಸತ್ತ ಮೂರನೆಯ ವರ್ಷ ಅದೇ ದಂಪತಿ ಇನ್ನೊಬ್ಬ ಟಿಮೊತಿಗೆ ದೀಕ್ಷಾಸ್ನಾನ ಮಾಡಿಸಿದ್ದರು. ನೋರಾ ಕುಣಿದಾಡಿದರು, ಅಡುಗೆಯಾಕೆಯನ್ನು ತಬ್ಬಿಕೊಂಡರು. ಕೊನ್ಸೆಪ್ಟಾಗೆ ಮಾತ್ರ ಆ ಎರಡನೆಯ ಹುಡುಗನದೇ ಯೋಚನೆ. ಅವನೂ ತಮ್ಮ ಹಾಗೇ ಅದೇ ಸಂಶಯದಲ್ಲಿ ಬೆಳೆದಿರಬೇಕು, ಪಾಪ.

ಆ ಶುಕ್ರವಾರ ನಜ್ಮಾ ಪೇಟೆಗೆ ಹೋಗಿ ಫೋನ್ ಕಾರ್ಡ್ ತಂದು ಊರಿಗೆ ಕರೆ ಮಾಡಿದರು. ಐವತ್ತು ದಾಟಿದ ಮಗಳು ಎಂಬತ್ತರ ತಾಯಿಯನ್ನು ಮೊದಲ ಸಲ ಕೇಳಿದಳು, ನೀನು ಕರೆಯುತ್ತಿದ್ದದ್ದು ಯಾರನ್ನು?

"ಅಮ್ಮ ಹೇಳಿದ್ಳು, ಅವಳಿಗೆ ಹೆಸರಿಟ್ಟ ಮರುದಿನವೇ ತೀರಿಹೋದ್ಳು, ಕರೀಲಿಕ್ಕೆ ಪುರ್ಸೊತ್ತೇ ಸಿಗ್ಲಿಲ್ಲ. ಆ ಹೆಸರು ಹಿಡಿದು ಬೈದದ್ದೆಲ್ಲ ನಿನಗೇ ಅಂತ."

ನಂಬಿದಿರಾ ಎಂದರೆ ಕೊನ್ಸೆಪ್ಟಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. "ಸಮಾಧಾನಕ್ಕೆ ಸುಳ್ಳು ಹೇಳಿರ್ಬಹುದು. ಇರ್ಲಿ, ಇದೊಂದನ್ನು ಪರೀಕ್ಷೆ ಮಾಡುದಿಲ್ಲ. ಕ್ರಿಸ್ಮಸಿಗೆ ರಜೆ ಕೊಟ್ರೆ ಊರಿಗೆ ಹೋಗ್ಬೇಕು ಮಾರಾಯ್ರೆ. ಅಮ್ಮನ ಎದುರು ಕೂತು ಒಮ್ಮೆ ಬೈಸಿಕೊಳ್ಬೇಕು."